1962: ವಿಮಾನ ಹಾರಿದ್ದರೆ, ಬೊಮ್ಡಿಲಾದಲ್ಲಿ ನಿಂತಿದ್ದರೆ...

ಪ್ರಶ್ನೆ: 1962ರ ಚೀನಾ ಯುದ್ಧದಲ್ಲಿ ನಮ್ಮ ಯುದ್ಧವಿಮಾನಗಳನ್ನು ಬಳಸಲೇ ಇಲ್ಲ. ಬಳಸಿದ್ದರೆ ಗೆಲ್ಲುತ್ತಿದ್ದೆವೇ?

ಉತ್ತರ: ಯುದ್ಧ ಶುರುವಾದ, ತವಾಂಗ್‌ನಿಂದಾಚೆ ಟಿಬೆಟ್ ಗಡಿಯಲ್ಲಿರುವ ನಾಮ್ಕಾ ಚು ಹೊಳೆಯ ದಂಡೆಯಲ್ಲಿ ಗೆಲ್ಲುತ್ತಿರಲಿಲ್ಲ. ಅದು ಕಾಡು ತುಂಬಿದ ಇಕ್ಕಟ್ಟಾದ ಕಮರಿ, ಎರಡೂ ಸೈನ್ಯಗಳ ನಡುವೆ ಇದ್ದದ್ದು ಒಂದು ಹೊಳೆ ಮಾತ್ರ. ಕೆಳಗಿನಿಂದ ರೇಡಿಯೊದಲ್ಲಿ ಗುರಿ ತೋರಿಸುವ ತಂಡವಿಲ್ಲದೆ ಅಲ್ಲಿ ಬಾಂಬು ಹಾಕಿದರೆ ನಮ್ಮವರ ಮೇಲೇ ಬೀಳುವ ಅಪಾಯ. ಅಕ್ಟೋಬರ್ 20ರ ಬೆಳಿಗ್ಗೆ ಶುರುವಾದ ದಾಳಿಯಲ್ಲಿ ನಮ್ಮ 7ನೇ ಬ್ರಿಗೇಡ್ (ಸುಮಾರು ಮೂರು ಸಾವಿರ ಸೈನಿಕರ ಪಡೆ) ಕೆಲವೇ ಗಂಟೆಗಳಲ್ಲಿ ಚದುರಿಹೋಯಿತು.

ಆದರೆ ತವಾಂಗ್ ಬಿದ್ದ ಮೇಲೆ ನವೆಂಬರ್ ಮಧ್ಯದವರೆಗೆ ಸುಮಾರು ಮೂರು ವಾರ ಆ ಭಾಗದಲ್ಲಿ ದೊಡ್ಡ ಕಾಳಗ ನಡೆಯಲಿಲ್ಲ. ಚೀನೀಯರು ಆಗ ಗಡಿಯ ಬುಮ್ ಲಾ ಕಣಿವೆದಾರಿಯಿಂದ ತವಾಂಗ್‌ಗೆ ರಸ್ತೆ ನಿರ್ಮಿಸುತ್ತಿದ್ದರು. ಬೋಳು ಬೆಟ್ಟದ ಮೇಲಿನ ರಸ್ತೆ ಕೆಲಸ, ಸಾಮಾನಿನ ರಾಶಿ: ವಿಮಾನಕ್ಕೆ ಅದಕ್ಕಿಂತ ಸ್ಪಷ್ಟ ಗುರಿ ಬೇಕಿಲ್ಲ. ನಾವು ವಿಮಾನ ಬಳಸಿದರೆ ಚೀನಾ ಕಲ್ಕತ್ತಾ ಮೇಲೆ ಬಾಂಬು ಹಾಕುತ್ತದೆಂಬ ಭಯವೇ ಕೈ ಕಟ್ಟಿತು. ಆ ಲೆಕ್ಕ ತಪ್ಪಿತ್ತು. ಟಿಬೆಟಿನ ವಿಮಾನನೆಲೆಗಳ ಎತ್ತರದಲ್ಲಿ ಗಾಳಿ ತೆಳು. ರನ್‌ವೇ ಉದ್ದ ಬೇಕು, ಇಂಧನ ಮತ್ತು ಬಾಂಬಿನ ಭಾರ ಇಳಿಸಬೇಕು. ಬಯಲಿನ ನೆಲೆಗಳಿಂದ ಹಾರುವ ನಮ್ಮ ಹಂಟರ್ ಯುದ್ಧವಿಮಾನಗಳಿಗೆ ಆ ತೊಡಕಿರಲಿಲ್ಲ. ನವೆಂಬರ್ 19ರಂದು ನೆಹರು ಅಮೆರಿಕದಿಂದ ಯುದ್ಧವಿಮಾನ ಕೇಳಿದಾಗ ನಮ್ಮವು ಇನ್ನೂ ನೆಲದ ಮೇಲೇ ಇದ್ದವು ಎಂಬುದು ನೋವಿನ ಸಂಗತಿ.

ಪ್ರಶ್ನೆ: ಜನರಲ್ ತಿಮ್ಮಯ್ಯನವರ ಕಾಲದಲ್ಲೇ ಬೇರೆ ಯೋಜನೆ ಇತ್ತಂತೆ. ಏನದು?

ಉತ್ತರ: ಇತ್ತು. ಪೂರ್ವ ಕಮಾಂಡ್‌ನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಥೋರಾಟ್ ಅದನ್ನು ರೂಪಿಸಿದ್ದರು; ಸೇನಾ ಮುಖ್ಯಸ್ಥರಾಗಿದ್ದ ನಮ್ಮ ಕೊಡಗಿನ ತಿಮ್ಮಯ್ಯನವರ ಒಪ್ಪಿಗೆಯೂ ಇತ್ತು. 1960ರಲ್ಲಿ ಲಖನೌದಲ್ಲಿ ‘ಲಾಲ್ ಕಿಲಾ’ ಎಂಬ ಸಮರಾಭ್ಯಾಸದಲ್ಲಿ ಅದನ್ನು ಪರಿಶೀಲಿಸಿದರು. ಗಡಿಗೆರೆಯಲ್ಲಿ ಸಣ್ಣ ಕಾವಲು ಮಾತ್ರ. ನಿಜವಾದ ಹೋರಾಟ ಬೊಮ್ಡಿಲಾದಂಥ ಹಿಂದಿನ ಸಾಲಿನಲ್ಲಿ, ನಮ್ಮ ಲಾರಿ ತಲುಪುವ, ಅವರ ಸರಬರಾಜು ದಾರಿ ಉದ್ದವಾಗುವ ಕಡೆ. ಇದೇ ಅದರ ತಿರುಳು.

ಇದು ಏಕೆ ಸರಿ ಎಂಬುದಕ್ಕೆ ಹೊರೆಯ ಲೆಕ್ಕ ಸಾಕು. ಒಂದು ಬ್ರಿಗೇಡ್‌ನ ಮೂರು ಸಾವಿರ ಜನ, ತಲೆಗೆ ದಿನಕ್ಕೆ ಎರಡು ಕಿಲೋ ಎಂದಿಟ್ಟುಕೊಳ್ಳಿ: ಆರು ಟನ್, ಮದ್ದುಗುಂಡು ಬಿಟ್ಟು. ಹೊರೆಯಾಳು 20 ಕಿಲೋ ಹೊತ್ತರೆ ದಿನಕ್ಕೆ 300 ಹೊರೆ ತಲುಪಬೇಕು. ಹೋಗಿಬರಲು ಎಂಟು ದಿನವಾದರೆ ದಾರಿಯಲ್ಲಿ 2,400 ಆಳು. ಅವರೂ ಉಣ್ಣಬೇಕು. ತವಾಂಗ್‌ನಿಂದಾಚೆ ನಾಮ್ಕಾ ಚುವಿಗೆ ಕಾಲುದಾರಿಯೇ ಗತಿಯಾದ್ದರಿಂದ ವಿಮಾನದಿಂದ ತ್ಸಾಂಗ್‌ಧರ್‌ನಲ್ಲಿ ಸಾಮಾನು ಉದುರಿಸಿದರು. ಬಹಳಷ್ಟು ಇಳಿಜಾರಿನಲ್ಲಿ ಉರುಳಿ ಕೈಗೆ ಸಿಗಲಿಲ್ಲ. ಸೈನಿಕರ ಬಳಿ ತಲಾ 50 ತೋಟಾ, ಮೈಮೇಲೆ ಹತ್ತಿ ಬಟ್ಟೆ. ಎದುರಿಗೆ ಥಾಗ್ಲಾ ದಿಣ್ಣೆಯಿಂದ ಶತ್ರು ಕೆಳಗೆ ನೋಡುತ್ತಿದ್ದ. ಹೊಳೆ ದಂಡೆಯಲ್ಲಿ ಸುಮಾರು 20 ಕಿಲೋಮೀಟರ್ ಉದ್ದಕ್ಕೆ ಒಂದೇ ಬ್ರಿಗೇಡನ್ನು ಹರಡಿದ್ದೇ ಮೂಲ ತಪ್ಪು. ಆಕ್ಷೇಪಿಸಿದ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗ್ ಅವರಿಂದ ಆ ಗಡಿಯ ಹೊಣೆ ತೆಗೆದು, 4ನೇ ಕೋರ್ ಎಂಬ ಹೊಸ ದೊಡ್ಡ ಪಡೆ ಕಟ್ಟಿ ಬಿ.ಎಂ. ಕೌಲ್ ಅವರಿಗೆ ಕೊಟ್ಟರು.

ಪ್ರಶ್ನೆ: ತವಾಂಗ್ ಮತ್ತು ಬೊಮ್ಡಿಲಾ ನಡುವಿನ ಸೇಲಾ ಕಣಿವೆದಾರಿಯನ್ನು ನಮ್ಮ ಸೈನ್ಯ ಬಿಟ್ಟು ಬಂದದ್ದು ತಪ್ಪೇ?

ಉತ್ತರ: ಬಿಟ್ಟ ಹೊತ್ತು ತಪ್ಪು. ನವೆಂಬರ್ ಮೊದಲ ವಾರದಲ್ಲೇ ಎಲ್ಲರನ್ನೂ ಬೊಮ್ಡಿಲಾಕ್ಕೆ ತಂದು ಒಟ್ಟುಗೂಡಿಸಬಹುದಿತ್ತು. ಇಲ್ಲವೇ ಸೇಲಾದಲ್ಲಿ ವಾರಗಟ್ಟಲೆ ಸಾಲುವ ದಾಸ್ತಾನಿಟ್ಟು, ಹಿಂದಿನ ರಸ್ತೆ ಕಡಿದರೂ ಕದಲದೆ ಕಾದಾಡಬೇಕಿತ್ತು. ಎರಡೂ ಆಗಲಿಲ್ಲ. ನವೆಂಬರ್ 17ರಂದು ಚೀನೀಯರು ಬೆಟ್ಟದ ಕಾಲುದಾರಿ ಸುತ್ತಿ ಸೇಲಾದ ಹಿಂದಿನ ದಿರಾಂಗ್–ಬೊಮ್ಡಿಲಾ ರಸ್ತೆ ಕಡಿದರು. ಅಂದೇ ರಾತ್ರಿ ಸೇಲಾ ಖಾಲಿಯಾಗತೊಡಗಿತು. ಶತ್ರು ಎದುರಿಗಿರುವಾಗ ಕತ್ತಲಲ್ಲಿ ಹಿಂದೆ ಸರಿಯುವುದು ನುರಿತ ಪಡೆಗೂ ಕಷ್ಟ. ಮುಂದಿನ ತುಕಡಿ ಎದ್ದು ಬಂದದ್ದನ್ನು ಕಂಡ ಪಕ್ಕದವರೂ ಎದ್ದರು. ಮರುದಿನ ಬೊಮ್ಡಿಲಾದಿಂದ ದಿರಾಂಗ್ ಕಡೆಗೆ ಪಡೆ ಕಳಿಸಲು ಆದೇಶ ಬಂತು. ಆ ಪಡೆ ಬೊಮ್ಡಿಲಾದಲ್ಲಿ ಬಿಟ್ಟುಹೋದ ಕಂದಕಗಳಿಗೆ ಚೀನೀಯರು ಬಂದಿಳಿದರು.