ಗ್ಯಾಜೆಟ್ ಪ್ರಶ್ನೋತ್ತರ: ಹಿಂಬದಿಯ ಸಣ್ಣ ಅಕ್ಷರ ಓದಿದ್ದೀರಾ?

ಪ್ರಶ್ನೆ: 20,000 ಎಂಎಎಚ್ ಪವರ್ ಬ್ಯಾಂಕ್ ತಗೊಂಡೆ. ನನ್ನ ಫೋನಿನ ಬ್ಯಾಟರಿ 5,000. ಲೆಕ್ಕದ ಪ್ರಕಾರ ನಾಲ್ಕು ಸಲ ಫುಲ್ ಆಗಬೇಕು, ಆದರೆ ಮೂರನೇ ಸಲಕ್ಕೇ ಕೈ ಎತ್ತುತ್ತದೆ. ಅಂಗಡಿಯವರು ಟೋಪಿ ಹಾಕಿದರಾ? ಇದನ್ನು ದುಬೈಗೆ ಒಯ್ಯಬಹುದಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಅಂಗಡಿಯವರನ್ನು ಬಿಟ್ಟುಬಿಡಿ, ಎಲ್ಲ ಪವರ್ ಬ್ಯಾಂಕಿನ ಹಣೆಬರಹವೂ ಇದೇ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ 20,000 ಅನ್ನುವುದು ಒಳಗಿನ ಸೆಲ್‌ಗಳ ಲೆಕ್ಕ. ಆ ಸೆಲ್‌ಗಳದ್ದು ಸುಮಾರು 3.7 ವೋಲ್ಟ್. ಯುಎಸ್‌ಬಿಯಿಂದ ಹೊರಗೆ ಬರುವುದು 5 ವೋಲ್ಟ್. ವೋಲ್ಟ್ ಏರಿದರೆ ಎಂಎಎಚ್ ಇಳಿಯಲೇಬೇಕು. 20,000ವನ್ನು 3.7ರಿಂದ ಗುಣಿಸಿ 5ರಿಂದ ಭಾಗಿಸಿ ನೋಡಿ, 14,800 ಬರುತ್ತದೆ. ಅದರಲ್ಲೂ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಚಾರ್ಜ್ ಮಾಡುವಾಗ ಕೈಗೆ ಬೆಚ್ಚಗೆ ತಾಗುತ್ತದಲ್ಲ, ಅದು ನೀವು ದುಡ್ಡು ಕೊಟ್ಟ ಕರೆಂಟೇ. ಈಗ ಪವರ್ ಬ್ಯಾಂಕ್ ತಿರುಗಿಸಿ ಹಿಂಬದಿ ನೋಡಿ. ಬೂದು ಬಣ್ಣದಲ್ಲಿ, ಕನ್ನಡಕ ಇಲ್ಲದಿದ್ದರೆ ಕಾಣದಷ್ಟು ಸಣ್ಣದಾಗಿ ‘ರೇಟೆಡ್ ಕೆಪಾಸಿಟಿ’ ಅಂತ ಇರುತ್ತದೆ, ಪಕ್ಕದಲ್ಲಿ 12,000 ಅಥವಾ 13,000ದ ಆಸುಪಾಸಿನ ಒಂದು ಸಂಖ್ಯೆ. ನಿಮಗೆ ನಿಜವಾಗಿ ಸಿಗುವುದು ಅದು. ನಿಮ್ಮ ಫೋನಿಗೆ ಎರಡೂವರೆಯಿಂದ ಮೂರು ಸಲ ಆಯಿತು ಅಂದರೆ ಮಾಲು ಸರಿಯಾಗಿಯೇ ಇದೆ. ಎರಡು ಬ್ರಾಂಡ್ ಹೋಲಿಸುವಾಗಲೂ ದೊಡ್ಡ ಅಕ್ಷರ ಬಿಟ್ಟು ಇದನ್ನೇ ಹೋಲಿಸಿ. ಈ ಸಂಖ್ಯೆಯನ್ನೇ ಹಾಕದ ಪವರ್ ಬ್ಯಾಂಕನ್ನು, ಎಷ್ಟೇ ಅಗ್ಗ ಇರಲಿ, ನಾನಂತೂ ಮುಟ್ಟುವುದಿಲ್ಲ.

ದುಬೈಗೆ ಒಯ್ಯಬಹುದು. ವಿಮಾನದವರು ನೋಡುವುದು ವ್ಯಾಟ್ ಅವರ್, ಅಂದರೆ ಒಳಗೆ ಒಟ್ಟು ಎಷ್ಟು ಶಕ್ತಿ ತುಂಬಿದೆ ಅನ್ನುವ ಲೆಕ್ಕ, ಸಾಮಾನ್ಯ ಮಿತಿ 100. ನಿಮ್ಮದು 74 (20,000ವನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ). ಆದರೆ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಿದರೆ ತೆಗೆಸುತ್ತಾರೆ. ಕೆಲವು ಏರ್‌ಲೈನ್‌ಗಳು ಹಾರಾಟದ ನಡುವೆ ಅದನ್ನು ಬಳಸಲು ಬಿಡುವುದಿಲ್ಲ, ಹಾಗಾಗಿ ಹೊರಡುವ ಮುಂಚೆ ಅವರ ನಿಯಮ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಮನೆಯಿಂದಲೇ ಕೆಲಸ. ಕರೆಂಟ್ ಹೋದ ತಕ್ಷಣ ಮೀಟಿಂಗ್ ಕಟ್. ಇನ್ವರ್ಟರ್ ಇದ್ದರೂ ವೈಫೈ ಒಮ್ಮೆ ಆಫ್ ಆಗಿ ಆನ್ ಆಗುತ್ತದೆ. ರೌಟರ್‌ಗೆ ಹಾಕುವ ಪುಟ್ಟ ಬ್ಯಾಟರಿ ಡಬ್ಬ, ಮಿನಿ ಯುಪಿಎಸ್ ತಗೊಳ್ಳಲಾ? (ಶಿರಸಿಯ ಓದುಗರು)

ಉತ್ತರ: ತಡೆಯಿರಿ, ಮೊದಲು ಇನ್ವರ್ಟರ್ ಹಿಂದೆ ಅಥವಾ ಮುಂದೆ ಒಂದು ಪುಟ್ಟ ಸ್ವಿಚ್ ಇದೆಯಾ ನೋಡಿ. ಒಂದು ಕಡೆ ‘ಯುಪಿಎಸ್’, ಇನ್ನೊಂದು ಕಡೆ ‘ನಾರ್ಮಲ್’ ಅಥವಾ ‘ಇಕೋ’ ಅಂತ ಇರುತ್ತದೆ. ಹಾಕಿಕೊಟ್ಟು ಹೋದವರು ನಾರ್ಮಲ್‌ನಲ್ಲೇ ಬಿಟ್ಟಿದ್ದರೆ ಬ್ಯಾಟರಿಗೆ ಬದಲಾಗುವಾಗ ಸ್ವಲ್ಪ ತಡ ಆಗುತ್ತದೆ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ರೌಟರ್ ಮಾತ್ರ ಮತ್ತೆ ಮೊದಲಿಂದ ಶುರು ಮಾಡುತ್ತದೆ. ಯುಪಿಎಸ್ ಕಡೆಗೆ ತಿರುಗಿಸಿದರೆ ಎಷ್ಟೋ ಮನೆಗಳಲ್ಲಿ ಖರ್ಚಿಲ್ಲದೆ ಸಮಸ್ಯೆ ಮುಗಿಯುತ್ತದೆ. ಒಂದೇ ತೊಂದರೆ, ಈ ಮೋಡ್‌ನಲ್ಲಿ ಇನ್ವರ್ಟರ್‌ಗೆ ತಾಳ್ಮೆ ಕಡಿಮೆ. ವೋಲ್ಟೇಜ್ 180ರ ಕೆಳಗೆ ಹೋದರೆ ಸಾಕು, ಕರೆಂಟ್ ಇದ್ದರೂ ಬ್ಯಾಟರಿಗೆ ಹಾರುತ್ತದೆ. ಸಂಜೆ ಬಲ್ಬು ಮಂಕಾಗುವ ಲೈನ್ ನಿಮ್ಮದಾದರೆ ಆ ಸ್ವಿಚ್ ಮುಟ್ಟಬೇಡಿ, ಮಿನಿ ಯುಪಿಎಸ್ಸೇ ಒಳ್ಳೆಯದು.

ಅದನ್ನು ಕೊಳ್ಳುವ ಮೊದಲು ರೌಟರ್ ಅಡಾಪ್ಟರ್ ಹಿಂದೆ ‘ಔಟ್‌ಪುಟ್’ ಅಂತ ಏನಿದೆ ಓದಿ. ಹೆಚ್ಚಿನವು 12 ವೋಲ್ಟ್, 1 ಅಥವಾ 1.5 ಆಂಪಿಯರ್. 9 ವೋಲ್ಟ್‌ನವೂ ಇವೆ. ವೋಲ್ಟ್ ಸರಿಸಮ ಇರಲೇಬೇಕು, ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ. 9 ವೋಲ್ಟ್ ರೌಟರ್‌ಗೆ 12 ಕೊಟ್ಟರೆ ಸುಟ್ಟು ಹೋಗಬಹುದು. ಫೈಬರ್ ಡಬ್ಬ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ. ಇನ್ನೊಂದು ವಿಷಯ: ನಿಮ್ಮ ಕೇಬಲ್‌ನವರ ಕಡೆಯೇ ಬ್ಯಾಕಪ್ ಇಲ್ಲದಿದ್ದರೆ ನಿಮ್ಮ ಮನೆಯಲ್ಲಿ ಎಲ್ಲ ದೀಪ ಉರಿಯುತ್ತಿದ್ದರೂ ನೆಟ್ ಬರುವುದಿಲ್ಲ. ಅವರನ್ನು ಕೇಳಿಯೇ ದುಡ್ಡು ಹಾಕಿ.

ಪ್ರಶ್ನೆ: ಗುಡುಗು ಬಂದಾಗ ಸ್ವಿಚ್ ಆಫ್ ಮಾಡಿದರೆ ಸಾಲದಾ? ವೋಲ್ಟೇಜ್ ಹಠಾತ್ ಏರಿದರೆ ತಡೆಯುವ ಪ್ಲಗ್ ಪಟ್ಟಿ, ಸ್ಪೈಕ್ ಗಾರ್ಡ್ ಬೇರೆ ಇದೆ. (ತೀರ್ಥಹಳ್ಳಿಯ ಓದುಗರು)

ಉತ್ತರ: ಸಾಲದು. ನಿಮ್ಮೂರಿನಲ್ಲಿ ಏಪ್ರಿಲ್-ಮೇ ಸಿಡಿಲು ಹೇಗಿರುತ್ತದೆ ಅಂತ ನಾನು ಹೇಳಬೇಕಾ? ಆಕಾಶದಿಂದ ಅಷ್ಟು ದೂರ ಜಿಗಿದು ಬಂದದ್ದಕ್ಕೆ ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರ್ ಸಂದು ಯಾವ ಲೆಕ್ಕ. ಪ್ಲಗ್ ಕಿತ್ತು ಬಿಡಿ, ಅದೂ ಮೋಡ ಕವಿಯುತ್ತಿರುವಾಗಲೇ. ಸಿಡಿಲು ಶುರುವಾದ ಮೇಲೆ ವೈರ್ ಹಿಡಿದುಕೊಂಡು ಓಡಾಡಬೇಡಿ. ಡಿಶ್ ಕೇಬಲ್, ಲ್ಯಾನ್ ವೈರ್ ಕೂಡ ಬಿಚ್ಚಿ. ಫೈಬರ್ ಗಾಜಿನದು, ಕರೆಂಟ್ ಹರಿಯುವುದಿಲ್ಲ ಅನ್ನುವುದು ನಿಜ, ಆದರೆ ಕಂಬದಿಂದ ಮನೆಗೆ ಬರುವ ಕೇಬಲ್‌ನಲ್ಲಿ ಜೋತು ಬೀಳದಿರಲಿ ಅಂತ ಹೆಚ್ಚಾಗಿ ಒಂದು ಉಕ್ಕಿನ ತಂತಿಯೂ ಇರುತ್ತದೆ.

ಸ್ಪೈಕ್ ಗಾರ್ಡ್ ಅಂತ ಮಾರುವ ಅಗ್ಗದ ಪಟ್ಟಿಗಳಲ್ಲಿ ಎಷ್ಟೋ ಬರೀ ಎಕ್ಸ್‌ಟೆನ್ಷನ್ ಬೋರ್ಡ್. ನಿಜವಾದದ್ದರ ಹಿಂಬದಿ ಎಷ್ಟು ‘ಜೂಲ್’ (ಶಕ್ತಿಯ ಅಳತೆ) ತಡೆಯುತ್ತದೆ ಅಂತ ಬರೆದಿರುತ್ತದೆ. ಅದರೊಳಗಿನ ಭಾಗ ಪ್ರತಿ ಹೊಡೆತಕ್ಕೂ ಸವೆಯುತ್ತದೆ, ಹಾಗಾಗಿ ಹಳೆಯದನ್ನು ನಂಬಬೇಡಿ. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಹೊಸದೂ ಅರ್ಧ ಕೆಲಸವನ್ನೇ ಮಾಡುವುದು. ಮತ್ತೆ, ಹತ್ತಿರಕ್ಕೇ ಬಡಿದ ಸಿಡಿಲಿಗೆ ಇದ್ಯಾವುದೂ ತಡೆ ಅಲ್ಲ.

ಪ್ರಶ್ನೆ: ಫೋನ್ ಬಕೆಟ್‌ಗೆ ಬಿತ್ತು. ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ. ಎಷ್ಟು ದಿನ ಇಡಬೇಕು? (ಪುತ್ತೂರಿನ ಓದುಗರು)

ಉತ್ತರ: ಈಗಲೇ ತೆಗೆಯಿರಿ. ಅಕ್ಕಿಯ ಹುಡಿ ಚಾರ್ಜಿಂಗ್ ತೂತಿಗೆ ಸೇರಿಕೊಂಡರೆ ನೀರಿಗಿಂತ ಅದೇ ಕಾಟ. ಆಪಲ್ ಕಂಪನಿಯೇ ತನ್ನ ಫೋನುಗಳನ್ನು ಅಕ್ಕಿಯಲ್ಲಿ ಇಡಬೇಡಿ ಅಂತ ಹೇಳಿದೆ. ಆಫ್ ಮಾಡಿ, ಸಿಮ್ ಟ್ರೇ ಎಳೆದು, ತೂತು ಕೆಳಗೆ ಬರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಆಮೇಲೆ ಫ್ಯಾನ್ ಗಾಳಿಗೆ ಬಿಡಿ. ಹೇರ್ ಡ್ರೈಯರ್ ಬೇಡ. ‘ಆನ್ ಆಗುತ್ತಾ ನೋಡೋಣ’ ಅಂತ ಚಾರ್ಜರ್ ಚುಚ್ಚುವುದಂತೂ ಬೇಡವೇ ಬೇಡ, ಎಷ್ಟೋ ಫೋನ್ ಸಾಯುವುದು ನೀರಿನಿಂದ ಅಲ್ಲ, ಒದ್ದೆ ಇರುವಾಗ ಕರೆಂಟ್ ಕೊಡುವುದರಿಂದ. ಬಕೆಟ್‌ನಲ್ಲಿ ಸೋಪಿನ ನೀರಿದ್ದರೆ ಸುಮ್ನೆ ಕಾಯಬೇಡಿ, ರಿಪೇರಿಯವರ ಹತ್ತಿರ ಬಿಚ್ಚಿಸಿ.

ಪ್ರಶ್ನೆ: ಅಮ್ಮನ ಫೋನಿನಲ್ಲಿ ಯಾವಾಗಲೂ ಜಾಗ ಇಲ್ಲ. ಹೊಸ ಫೋನ್ ಕೊಡಿಸಬೇಕಾ? (ಮೈಸೂರಿನ ಓದುಗರು)

ಉತ್ತರ: ಬೇಡ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಆ್ಯಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’ ತೆರೆಯಿರಿ. ಯಾವ ಗ್ರೂಪ್ ಎಷ್ಟು ತಿಂದಿದೆ ಅಂತ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ತೋರಿಸುತ್ತದೆ. ಮೇಲುಗಡೆ ಸಿಗುವುದು ಶುಭೋದಯದ ಗುಲಾಬಿ, ದೇವರ ವಿಡಿಯೋ, ಒಂದೇ ಮದುವೆಯ ಫೋಟೋ ಮೂರು ಗ್ರೂಪ್‌ನಿಂದ ಬಂದದ್ದು. ಅಮ್ಮನ ಪಕ್ಕ ಕೂತು, ಕೇಳಿ ಕೇಳಿ ಅಳಿಸಿ, ಇಲ್ಲದಿದ್ದರೆ ಮೊಮ್ಮಗುವಿನ ವಿಡಿಯೋ ಹೋಯಿತು ಅಂತ ನಿಮಗೇ ಬೈಗುಳ. ಆಮೇಲೆ ಆಟೋ ಡೌನ್‌ಲೋಡ್ ನಿಲ್ಲಿಸಿ. ಬ್ಯಾಕಪ್ ಈ ಸಫಾಯಿ ಮುಗಿದ ಮೇಲೆ ಮಾಡಿ. ಈಗ ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಕೂಡ ಗೂಗಲ್‌ನ ಉಚಿತ 15 ಜಿಬಿಯಲ್ಲೇ ಸೇರುತ್ತದೆ, ಕಸವನ್ನೂ ಕಟ್ಟಿಕೊಂಡು ಹೋದರೆ ಜಿಮೇಲ್‌ಗೂ ಜಾಗ ಇಲ್ಲದಂತೆ ಆಗುತ್ತದೆ.