ಆ್ಯಪ್ ಕೊಟ್ಟ ಪಟ್ಟಿ ಹಕ್ಕಿಗಣತಿ ಅಲ್ಲ

ಕಾಡಿನ ಶಬ್ದ ರೆಕಾರ್ಡ್ ಮಾಡಿ ಹಕ್ಕಿ ಗುರುತಿಸುವ ಬಗ್ಗೆ ಈ ಸಲವೂ ಅದೇ ಪ್ರಶ್ನೆ, ಬೇರೆ ಬೇರೆ ಊರುಗಳಿಂದ. ಒಮ್ಮೆ ಉದ್ದವಾಗಿ ಉತ್ತರಿಸಿ ಮುಗಿಸುತ್ತೇನೆ. ರೆಕಾರ್ಡರ್ ಆನ್ ಮಾಡುವುದು ಹೇಗೆ ಅಂತ ಕೇಳಿದವರು ದಯವಿಟ್ಟು ಅದರ ಕೈಪಿಡಿ ಓದಿ.

ಪ್ರಶ್ನೆ: ಶಿರಸಿ ಹತ್ತಿರದ ಸೊಪ್ಪಿನಬೆಟ್ಟದಲ್ಲಿ ನಾಲ್ಕು ಆಡಿಯೊಮಾತ್ (ತಾನಾಗಿಯೇ ಶಬ್ದ ದಾಖಲಿಸುವ ಪುಟ್ಟ ರೆಕಾರ್ಡರ್) ಕಟ್ಟಿ ಎರಡು ವಾರ ರೆಕಾರ್ಡ್ ಮಾಡಿದೆವು. ಕೂಗಿನಿಂದ ಹಕ್ಕಿ ಗುರುತಿಸುವ ತಂತ್ರಾಂಶ ಬರ್ಡ್‌ನೆಟ್‌ಗೆ ಹಾಕಿದರೆ 163 ಜಾತಿ ಬಂತು. ಹಲವಕ್ಕೆ 0.9ಕ್ಕಿಂತ ಜಾಸ್ತಿ ಅಂಕ ಇದೆ. ಹಾಗೇ ವರದಿ ಬರೆಯಬಹುದಾ?

ಉತ್ತರ: ಬರೆಯಬೇಡಿ. 0.9 ಅಂದರೆ ನೂರಕ್ಕೆ ತೊಂಬತ್ತು ಸಲ ಸರಿ ಅಂತಲ್ಲ. ಅದು ತಂತ್ರಾಂಶ ತನ್ನ ಊಹೆಗೆ 0ರಿಂದ 1ರೊಳಗೆ ತಾನೇ ಕೊಟ್ಟುಕೊಂಡ ಅಂಕ. ಒಂದು ಜಾತಿಗೆ 0.5 ಸಾಕಾಗಬಹುದು, ಇನ್ನೊಂದಕ್ಕೆ 0.9 ಬಂದರೂ ಸುಳ್ಳಾಗಬಹುದು.

ಲೆಕ್ಕ ಹಾಕಿ ನೋಡಿ. ಬರ್ಡ್‌ನೆಟ್ ಶಬ್ದವನ್ನು 3 ಸೆಕೆಂಡಿನ ತುಂಡು ಮಾಡಿ ಕೇಳುತ್ತದೆ. ಇಡೀ ದಿನ ಓಡಿಸಿದರೆ 28,800 ತುಂಡು. ಸಾವಿರಕ್ಕೆ ಒಂದೇ ತಪ್ಪಿದರೂ ಒಂದು ರೆಕಾರ್ಡರ್‌ನಿಂದ ದಿನಕ್ಕೆ ಹತ್ತಿರ ಹತ್ತಿರ 29 ಇಲ್ಲದ ಹಕ್ಕಿ. ನಾಲ್ಕು ರೆಕಾರ್ಡರ್, ಎರಡು ವಾರ. ಪಟ್ಟಿ ಉದ್ದವಾಗದೆ ಇನ್ನೇನಾದೀತು?

ಅದರ ಮೇಲೆ ನಮ್ಮ ಭೀಮರಾಜ ಹಕ್ಕಿ. ಗಿಡುಗದ ಕೂಗು, ಪಕ್ಕದ ಮರದ ಹಕ್ಕಿಯ ಕೂಗು, ಎಲ್ಲ ಅನುಕರಿಸುತ್ತದೆ. ಎಲೆಹಕ್ಕಿಯೂ ಕಡಿಮೆಯಿಲ್ಲ. ಪಳಗಿದ ಕಿವಿಯೇ ಮೋಸಹೋಗುವಾಗ ತಂತ್ರಾಂಶ ಯಾವ ಲೆಕ್ಕ? ತಂತ್ರಾಂಶ ಕಲಿಯುವುದು ಸಂಗ್ರಹಿಸಿಟ್ಟ ಧ್ವನಿಗಳಿಂದ; ಯುರೋಪಿನ ಹಕ್ಕಿಗಳಷ್ಟು ಘಟ್ಟದ ಹಕ್ಕಿಗಳ ಧ್ವನಿ ಸಂಗ್ರಹ ಇನ್ನೂ ಆಗಿಲ್ಲ ಅನ್ನುವುದೂ ನೆನಪಿರಲಿ.

ಮಾಡಬೇಕಾದ್ದು ಇಷ್ಟು. ಮೊದಲು ಬರ್ಡ್‌ನೆಟ್‌ನಲ್ಲಿ ಜಾಗದ ಅಕ್ಷಾಂಶ, ರೇಖಾಂಶ, ವರ್ಷದ ಎಷ್ಟನೇ ವಾರ ಅಂತ ತುಂಬಿಸಿ. ಊರಿಗೇ ಸಂಬಂಧವಿಲ್ಲದ ಹಕ್ಕಿಗಳು ಅಲ್ಲೇ ಉದುರುತ್ತವೆ. ಆಮೇಲೆ ಪ್ರತಿ ಜಾತಿಗೂ ಕಡಿಮೆ, ಮಧ್ಯಮ, ಹೆಚ್ಚು ಅಂಕದ ತುಂಡುಗಳನ್ನು ಆರಿಸಿ. ಕಿವಿಯಿಂದ ಕೇಳಿ, ಸ್ಪೆಕ್ಟ್ರೋಗ್ರಾಮ್ (ಶಬ್ದದ ಚಿತ್ರ) ನೋಡಿ. ಯಾವ ಅಂಕದ ಮೇಲೆ ನಂಬಬಹುದು ಅಂತ ಜಾತಿಗೊಂದರಂತೆ ನಿರ್ಧರಿಸಿ. ಎರಡು ಮೂರು ಸಲ ಮಾತ್ರ ಬಂದ ಹಕ್ಕಿಯಿದ್ದರೆ ಅದರ ಎಲ್ಲ ತುಂಡುಗಳನ್ನೂ ಕೇಳಿ. ಬೇಜಾರಿನ ಕೆಲಸ, ಗೊತ್ತು. ಅಮೆರಿಕದ ಪಕ್ಷಿತಜ್ಞ ಥಿಯೋಡೋರ್ ಪಾರ್ಕರ್ 1991ರಲ್ಲಿ ಹಕ್ಕಿ ಸಮೀಕ್ಷೆಗೆ ಟೇಪ್ ರೆಕಾರ್ಡರ್ ಬಳಸಿ ಅಂತ ಬರೆದರು. ಆದರೆ ಅವರು ದಕ್ಷಿಣ ಅಮೆರಿಕದ ಕಾಡುಗಳ ಸಾವಿರಾರು ಜಾತಿಗಳನ್ನು ಕೂಗಿನಿಂದಲೇ ಗುರುತಿಸಬಲ್ಲವರಾಗಿದ್ದರು. ಟೇಪು ಅವರ ಕಿವಿಗೆ ಸಾಕ್ಷಿಯಾಗಿತ್ತು, ಕಿವಿಯ ಬದಲಿಗೆ ಬಂದದ್ದಲ್ಲ.

ಪಟ್ಟಿಯಲ್ಲಿ ಬಾರದ್ದನ್ನೂ ಯೋಚಿಸಿ. ಚಳಿಗಾಲಕ್ಕೆ ಬರುವ ನವರಂಗ ಮುಂಜಾನೆ, ಮುಸ್ಸಂಜೆ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಗುತ್ತದೆ. ಹತ್ತು ನಿಮಿಷಕ್ಕೊಂದು ನಿಮಿಷ ರೆಕಾರ್ಡ್ ಮಾಡುವವರಿಗೆ ಅದು ಸಿಗದೇ ಹೋಗಬಹುದು. ಕಪ್ಪೆಬಾಯಿ ಹಕ್ಕಿ ಕೂಗುವುದು ಕತ್ತಲಾದ ಮೇಲೆ. ಜೀರುಂಡೆ ಶುರುವಾದರೆ ಅರ್ಧ ಹಕ್ಕಿಗಳು ಅದರಡಿ ಮುಳುಗುತ್ತವೆ. ಹಾಗಾಗಿ ಬೆಳಗಿನ ಜಾವ ಮತ್ತು ಸಂಜೆ ಎಡೆಬಿಡದೆ ಓಡಿಸಿ, ಉಳಿದ ಹೊತ್ತು ಬಿಟ್ಟು ಬಿಟ್ಟು. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸಲ ಶಬ್ದ ಅಳೆದರೆ) ಗಂಟೆಗೆ ಸುಮಾರು 345 ಎಂಬಿ ತುಂಬುತ್ತದೆ. ಇಡೀ ದಿನ ಓಡಿಸಿದರೆ 32 ಜಿಬಿ ಕಾರ್ಡು ನಾಲ್ಕು ದಿನವೂ ಬಾರದು.

ಪ್ರಶ್ನೆ: ರೆಕಾರ್ಡಿಂಗ್‌ನಿಂದ ಎಷ್ಟು ಹಕ್ಕಿ ಇವೆ ಅಂತ ಎಣಿಸಬಹುದಾ?

ಉತ್ತರ: ಸುಮ್ನೆ ಕೂಗು ಎಣಿಸಿ ಆಗದು. ಒಂದೇ ಕುಟ್ರು ಹಕ್ಕಿ ಬೆಳಗಿಡೀ ಕೂಗಬಲ್ಲದು.

ಪ್ರಶ್ನೆ: ವಾರದ ರೆಕಾರ್ಡಿಂಗ್ ಕೊಟ್ಟರೆ ನಮ್ಮ ಎಸ್ಟೇಟಿಗೆ ‘ಜೀವವೈವಿಧ್ಯ ಸ್ಕೋರ್’ ಕೊಡುತ್ತೇವೆ ಅಂತ ಒಬ್ಬರು ಬಂದಿದ್ದಾರೆ.

ಉತ್ತರ: ಕಾಫಿ ಕೊಟ್ಟು ಕಳಿಸಿ. ಶಬ್ದ ಎಷ್ಟು ಗಿಜಿಗುಟ್ಟುತ್ತಿದೆ ಅಂತ ಅಳೆಯುವ ಸೂಚ್ಯಂಕಗಳು ಜೀರುಂಡೆಗೂ ಮಳೆಗೂ ಏರುಪೇರಾಗುತ್ತವೆ. ಹಕ್ಕಿಗಳ ಹೆಸರಿಲ್ಲದ ಸ್ಕೋರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: ಕಾಡಿನಲ್ಲಿ ರೆಕಾರ್ಡರ್ ಕಟ್ಟಲು ಅನುಮತಿ ಬೇಕಾ?

ಉತ್ತರ: ಬೇಕು. ಅರಣ್ಯ ಇಲಾಖೆಯಿಂದ, ಬರಹದಲ್ಲಿ. ಸೌದೆಗೆ, ಸೊಪ್ಪಿಗೆ ಬರುವವರ ಮಾತೂ ರೆಕಾರ್ಡರ್‌ನಲ್ಲಿ ದಾಖಲಾಗುತ್ತದೆ. ಊರಿನವರಿಗೆ ಮೊದಲೇ ತಿಳಿಸಿ, ಅಂಥ ತುಂಡುಗಳನ್ನು ಅಳಿಸಿ.

ಪ್ರಶ್ನೆ: ಮೊಬೈಲ್‌ನಲ್ಲಿ ಕೂಗು ಹಾಕಿದರೆ ಹಕ್ಕಿಗಳು ಉತ್ತರಿಸುತ್ತವಲ್ಲ, ಹಾಗೆ ಮಾಡಬಹುದಾ?

ಉತ್ತರ: ಬೇಡ. ಗೂಡು ಕಟ್ಟುವ ಕಾಲದಲ್ಲಿ ಹಕ್ಕಿ ಮರಿಗಳನ್ನು ಬಿಟ್ಟು ಇಲ್ಲದ ಎದುರಾಳಿಯ ಜೊತೆ ಜಗಳಕ್ಕೆ ಬರುತ್ತದೆ. ನಿಮ್ಮ ರೆಕಾರ್ಡರ್ ಆ ಮೊಬೈಲನ್ನೂ ರೆಕಾರ್ಡ್ ಮಾಡುತ್ತದೆ. ಆಮೇಲೆ ಬರ್ಡ್‌ನೆಟ್ ಅದನ್ನೂ ಹಕ್ಕಿ ಅಂತಲೇ ಬರೆದುಕೊಳ್ಳುತ್ತದೆ, ಅಲ್ವಾ?