ಬಾಂಗ್ಲಾ ಸರಿ, ಲಿಬಿಯಾ ತಪ್ಪು ಹೇಗೆ?

1971ರಲ್ಲಿ ಭಾರತ ಆಗಿನ ಪೂರ್ವ ಪಾಕಿಸ್ತಾನಕ್ಕೆ, ಅಂದರೆ ಇಂದಿನ ಬಾಂಗ್ಲಾದೇಶಕ್ಕೆ, ಸೇನೆ ಕಳುಹಿಸಿದ್ದು ಸರಿಯಾದರೆ 2011ರಲ್ಲಿ ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟವಾದ ನೇಟೋ ಲಿಬಿಯಾಕ್ಕೆ ಹೋದದ್ದು ತಪ್ಪು ಹೇಗೆ ಎಂದು ಕೇಳಿದ್ದೀರಿ. ಹಾಸನದಲ್ಲಿ ನಾನು ಪಾಠ ಮಾಡುವ ಕಾಲೇಜಿನ ಮಕ್ಕಳೂ ಇದನ್ನೇ ಕೇಳುತ್ತಾರೆ.

ಹೋದವರು ಯಾವಾಗ, ಹೇಗೆ ಮರಳಿದರು ಎಂಬುದನ್ನು ಮೊದಲು ನೋಡಿ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು 1 ಕೋಟಿ ನಿರಾಶ್ರಿತರು ನಮ್ಮ ಗಡಿ ದಾಟಿ ಬಂದಿದ್ದರು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾಯಿತು. 1972ರ ಮಾರ್ಚ್‌ನಲ್ಲಿ ನಮ್ಮ ಸೇನೆ ವಾಪಸಾಯಿತು. ಸ್ವಾರ್ಥ ಇರಲಿಲ್ಲವೇ? ಖಂಡಿತ ಇತ್ತು. ಪಾಕಿಸ್ತಾನ ಒಡೆಯುವುದು ನಮಗೆ ಬೇಕಾಗಿತ್ತು, ಅದನ್ನು ಮುಚ್ಚಿಡಬಾರದು.

ಅರಕಲಗೂಡು ಕಡೆಯ ನನ್ನ ದೊಡ್ಡಪ್ಪ ಆಗ ಪೂರ್ವದ ಗಡಿಯಲ್ಲಿದ್ದರು. ಗೆದ್ದ ಕಥೆಯನ್ನು ಅವರು ಹೇಳುವುದೇ ಇಲ್ಲ. ಆಲೂಗಡ್ಡೆ ಹೊಲದ ಬದುವಿನಲ್ಲಿ ಕುಳಿತಾಗ ನಿರಾಶ್ರಿತರ ಶಿಬಿರದ ಒಬ್ಬ ತಾಯಿಯ ಮಾತು ತೆಗೆಯುತ್ತಾರೆ. ಸೆರಗಿನ ತುದಿಯಲ್ಲಿ ಮನೆಯ ಬೀಗದ ಕೈ ಗಂಟು ಹಾಕಿಕೊಂಡಿದ್ದಳಂತೆ. ಮನೆ ಸುಟ್ಟು ಬೂದಿಯಾಗಿತ್ತು.

ಲಿಬಿಯಾದಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1973 ಸಂಖ್ಯೆಯ ನಿರ್ಣಯ ನಾಗರಿಕರ ರಕ್ಷಣೆಗೆ ಅನುಮತಿ ಕೊಟ್ಟಿತ್ತು. ಭಾರತ ಮತ ಹಾಕದೆ ದೂರ ಉಳಿಯಿತು. ಬೆಂಗಾಜಿ ನಗರವನ್ನು ಕಾಪಾಡಲು ಶುರುವಾದ ದಾಳಿ ಅಲ್ಲಿನ ಸರ್ವಾಧಿಕಾರಿ ಗಡಾಫಿಯ ಪತನದವರೆಗೂ ನಡೆಯಿತು. ಆಮೇಲೆ ದೇಶ ಬಂದೂಕು ಹಿಡಿದ ಗುಂಪುಗಳ ಪಾಲಾಯಿತು. ನನ್ನ ತಕರಾರು ಇರುವುದು ಅಲ್ಲಿ.

ಹಾಗೆಂದು ಸುಮ್ಮನಿರುವುದೇ ಲೇಸು ಎನ್ನಬೇಡಿ. 1994ರಲ್ಲಿ ರುವಾಂಡಾದಲ್ಲಿ ಸುಮಾರು 100 ದಿನಗಳಲ್ಲಿ ಟುಟ್ಸಿ ಜನಾಂಗದ ಲಕ್ಷಾಂತರ ಜನರನ್ನು ಕೊಂದರು. ಆ ಹೊತ್ತಿನಲ್ಲೇ ವಿಶ್ವಸಂಸ್ಥೆ ಅಲ್ಲಿದ್ದ ಶಾಂತಿಪಾಲನಾ ಪಡೆಯ ಬಹುಪಾಲನ್ನು ಹಿಂದಕ್ಕೆ ಕರೆಸಿಕೊಂಡಿತು. ಅದನ್ನು ಪಾಠ ಮಾಡುವ ದಿನ ನನಗೆ ಗಂಟಲು ಕಟ್ಟುತ್ತದೆ.